ಚಿಕ್ಕ ಸೆಡಾನ್, ದೊಡ್ಡ ಸೆಡಾನ್: ಒಳಗಿನ ಜಾಗ ಎಷ್ಟು, ಆಸನ ಎಷ್ಟು ಹಿತ?

ಮಧ್ಯಮ ವರ್ಗದ ಕುಟುಂಬವೊಂದು ಕಾರು ಕೊಳ್ಳುವುದು ಎಂಟು-ಹತ್ತು ವರ್ಷಗಳಿಗೊಮ್ಮೆ. ಬೆಲೆ, ಮೈಲೇಜು, ಬಣ್ಣ, ಸಾಲದ ಕಂತು ಇವುಗಳ ಬಗ್ಗೆ ಮನೆಯಲ್ಲಿ ವಾರಗಟ್ಟಲೆ ಚರ್ಚೆ ನಡೆಯುತ್ತದೆ. ಆದರೆ ಹಿಂಬದಿಯ ಆಸನದಲ್ಲಿ ಕುಳಿತು ನೋಡುವ ಪರೀಕ್ಷೆ ಷೋರೂಮಿನಲ್ಲಿ ಎರಡು ನಿಮಿಷಕ್ಕೆ ಮುಗಿದುಹೋಗುತ್ತದೆ. ಆ ಎರಡು ನಿಮಿಷದ ತೀರ್ಮಾನದ ಫಲವನ್ನು ಮುಂದಿನ ಹತ್ತು ವರ್ಷ ಅನುಭವಿಸುವುದು ಹಿರಿಯರ ಮೊಣಕಾಲು ಮತ್ತು ಸೊಂಟ.

ಕಾರು ಉದ್ದವಾದಷ್ಟೂ ಒಳಗೆ ಜಾಗ ಹೆಚ್ಚು, ಜಾಗ ಹೆಚ್ಚಿದಷ್ಟೂ ಪ್ರಯಾಣ ಹಿತ ಎಂಬುದು ಸಾಮಾನ್ಯ ನಂಬಿಕೆ. ಇದು ಅರ್ಧ ಸತ್ಯ ಮಾತ್ರ. ಕಾರಿನ ಹೊರಗಿನ ಉದ್ದ, ಒಳಗಿನ ಜಾಗ ಮತ್ತು ಆಸನದ ಹಿತ ಇವು ಮೂರು ಬೇರೆ ಬೇರೆ ಸಂಗತಿಗಳು. ಭಾರತದ ಮಾರುಕಟ್ಟೆಯಲ್ಲಿ ಈ ಮೂರರ ನಡುವಣ ಸಂಬಂಧವನ್ನು ತೆರಿಗೆ ನಿಯಮವೊಂದು ಇನ್ನಷ್ಟು ಜಟಿಲಗೊಳಿಸಿದೆ.

ಯಾವುದು ಚಿಕ್ಕದು, ಯಾವುದು ದೊಡ್ಡದು?

ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯು ಕಾರುಗಳನ್ನು ವರ್ಗೀಕರಿಸುವುದು ಹೊರಗಿನ ಉದ್ದದಿಂದಲ್ಲ, ಒಳಗಿನ ಗಾತ್ರದಿಂದ. ಪ್ರಯಾಣಿಕರ ಜಾಗ ಮತ್ತು ಸಾಮಾನು ಇಡುವ ಡಿಕ್ಕಿ ಎರಡನ್ನೂ ಕೂಡಿಸಿ, ಮೊತ್ತವು 100ರಿಂದ 110 ಘನ ಅಡಿಯೊಳಗಿದ್ದರೆ ಕಾಂಪ್ಯಾಕ್ಟ್, 110ರಿಂದ 120 ಘನ ಅಡಿಯೊಳಗಿದ್ದರೆ ಮಧ್ಯಮ, 120 ಘನ ಅಡಿ ಅಥವಾ ಅದಕ್ಕಿಂತ ಹೆಚ್ಚಿದ್ದರೆ ದೊಡ್ಡ ಕಾರು ಎಂದು ಪರಿಗಣಿಸಲಾಗುತ್ತದೆ. ಒಂದು ಘನ ಅಡಿ ಎಂದರೆ ಸುಮಾರು 28.3 ಲೀಟರ್. ಅಂದರೆ ದೊಡ್ಡ ಕಾರು ಎನಿಸಿಕೊಳ್ಳಲು ಒಳಗೆ ಸುಮಾರು 3,400 ಲೀಟರ್‌ನಷ್ಟು ಅವಕಾಶ ಇರಬೇಕು.

ಈ ಲೆಕ್ಕದಿಂದ ಕುತೂಹಲಕರ ಫಲಿತಾಂಶಗಳು ಹೊರಬೀಳುತ್ತವೆ. 2018ರ ಮಾದರಿಯ ಹೊಂಡಾ ಅಕಾರ್ಡ್ ಅಮೆರಿಕದ ಮಾರುಕಟ್ಟೆಯಲ್ಲಿ ಮಧ್ಯಮ ಸೆಡಾನ್ ಎಂದೇ ಮಾರಾಟವಾಯಿತು. ಆದರೆ ಸರ್ಕಾರದ ಪಟ್ಟಿಯಲ್ಲಿ ಅದು ದೊಡ್ಡ ಕಾರುಗಳ ಸಾಲಿಗೆ ಸೇರಿತು. 4,882 ಮಿ.ಮೀ. ಉದ್ದದ ಆ ಕಾರಿನ ಹಿಂಬದಿಯಲ್ಲಿ ಕಾಲಿನ ಜಾಗ 40.4 ಇಂಚು. ಅದೇ ಕಾಲದಲ್ಲಿ ಪೂರ್ಣ ಗಾತ್ರದ ಸೆಡಾನ್ ಎಂದು ಹೆಸರಾಗಿದ್ದ, 5,113 ಮಿ.ಮೀ. ಉದ್ದದ ಷೆವ್ರೊಲೆ ಇಂಪಾಲಾದಲ್ಲಿ ಇದ್ದದ್ದು 39.8 ಇಂಚು. ಒಂದು ಗೇಣು ಉದ್ದವಿರುವ ಕಾರಿನಲ್ಲಿ ಕಾಲಿಗೆ ಸ್ವಲ್ಪ ಕಡಿಮೆಯೇ ಜಾಗ! ಹೆಚ್ಚುವರಿ ಉದ್ದದ ಲಾಭ ಇಂಪಾಲಾದ ಡಿಕ್ಕಿಗೆ ಸಂದಿತ್ತು.

ಭಾರತದಲ್ಲಿ ಬಳಕೆಯಲ್ಲಿರುವ ವಿಂಗಡಣೆ ಬೇರೆ. ಇಲ್ಲಿ ನಾಲ್ಕು ಮೀಟರ್‌ಗಿಂತ ಕಡಿಮೆ ಉದ್ದದ ಮಾರುತಿ ಡಿಸೈರ್, ಹೊಂಡಾ ಅಮೇಜ್, ಹ್ಯುಂಡೈ ಔರಾ, ಟಾಟಾ ಟಿಗೋರ್ ಮುಂತಾದವು ಕಾಂಪ್ಯಾಕ್ಟ್ ಸೆಡಾನ್‌ಗಳು. ಸುಮಾರು ನಾಲ್ಕೂವರೆ ಮೀಟರ್ ಉದ್ದದ ಹೊಂಡಾ ಸಿಟಿ, ಹ್ಯುಂಡೈ ವೆರ್ನಾ, ಸ್ಕೋಡಾ ಸ್ಲಾವಿಯಾ, ಫೋಕ್ಸ್‌ವ್ಯಾಗನ್ ವರ್ಟಸ್ ಮಧ್ಯಮ ಗಾತ್ರದವು. ಐದು ಮೀಟರ್‌ಗೆ ಸಮೀಪಿಸುವ ಟೊಯೊಟಾ ಕ್ಯಾಮ್ರಿ, ಸ್ಕೋಡಾ ಸುಪರ್ಬ್‌ನಂಥವುಗಳನ್ನು ಇಲ್ಲಿನ ಗ್ರಾಹಕರು ದೊಡ್ಡ ಸೆಡಾನ್‌ಗಳೆಂದೇ ಕಾಣುತ್ತಾರೆ.

ನಾಲ್ಕು ಮೀಟರ್ ನಿಯಮದ ಕಥೆ

ನಾಲ್ಕು ಮೀಟರ್ ಎಂಬ ಗೆರೆಯನ್ನು ಎಳೆದದ್ದು ಎಂಜಿನಿಯರುಗಳಲ್ಲ, ಹಣಕಾಸು ಸಚಿವಾಲಯ. 2006ರ ಕೇಂದ್ರ ಬಜೆಟ್‌ನಲ್ಲಿ ಅಂದಿನ ಹಣಕಾಸು ಸಚಿವ ಪಿ. ಚಿದಂಬರಂ ಅವರು ಸಣ್ಣ ಕಾರುಗಳ ಅಬಕಾರಿ ಸುಂಕವನ್ನು ಶೇ 24ರಿಂದ ಶೇ 16ಕ್ಕೆ ಇಳಿಸಿದರು. ಉದ್ದ 4,000 ಮಿ.ಮೀ. ಮೀರಬಾರದು, ಪೆಟ್ರೋಲ್ ಎಂಜಿನ್ 1,200 ಸಿ.ಸಿ. ಹಾಗೂ ಡೀಸೆಲ್ ಎಂಜಿನ್ 1,500 ಸಿ.ಸಿ. ಮೀರಬಾರದು ಎಂಬುದು ಷರತ್ತು. 2008ರಲ್ಲಿ ಸಣ್ಣ ಕಾರುಗಳ ಸುಂಕ ಶೇ 12ಕ್ಕೆ ಇಳಿಯಿತು.

ಹ್ಯಾಚ್‌ಬ್ಯಾಕ್ ಕಾರುಗಳನ್ನು ಗಮನದಲ್ಲಿಟ್ಟುಕೊಂಡು ರೂಪಿಸಿದ ಈ ನಿಯಮದೊಳಗೆ ಸೆಡಾನ್ ಅನ್ನೂ ಕೂರಿಸಬಹುದೆಂದು ಮೊದಲು ತೋರಿಸಿಕೊಟ್ಟದ್ದು ಟಾಟಾ ಮೋಟಾರ್ಸ್. 2008ರಲ್ಲಿ ಬಂದ ಇಂಡಿಗೊ ಸಿಎಸ್‌ನ ಉದ್ದ 3,988 ಮಿ.ಮೀ. ಮಾತ್ರ. ಅದೇ ವರ್ಷ ಬಿಡುಗಡೆಯಾದ ಮೊದಲ ಸ್ವಿಫ್ಟ್ ಡಿಸೈರ್ 4,160 ಮಿ.ಮೀ. ಉದ್ದವಿತ್ತು. 2012ರ ಎರಡನೇ ಪೀಳಿಗೆಯಲ್ಲಿ ಮಾರುತಿ ಅದನ್ನು 3,995 ಮಿ.ಮೀ.ಗೆ ಮೊಟಕುಗೊಳಿಸಿತು. ಹೊಂಡಾ ಅಮೇಜ್ 2013ರಲ್ಲಿ, ಹ್ಯುಂಡೈ ಎಕ್ಸೆಂಟ್ ಮತ್ತು ಟಾಟಾ ಜೆಸ್ಟ್ 2014ರಲ್ಲಿ ಇದೇ ದಾರಿ ಹಿಡಿದವು.

2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದಾಗಲೂ ಈ ಗೆರೆ ಉಳಿಯಿತು. 2025ರ ಸೆಪ್ಟೆಂಬರ್ 22ರಿಂದ ಜಾರಿಗೆ ಬಂದ ಪರಿಷ್ಕೃತ ದರಗಳ ಪ್ರಕಾರ ಷರತ್ತಿಗೆ ಒಳಪಡುವ ಸಣ್ಣ ಕಾರಿಗೆ ಶೇ 18, ಅದರಾಚೆಗಿನ ಕಾರಿಗೆ ಶೇ 40 ತೆರಿಗೆ. ತೆರಿಗೆ ಪೂರ್ವ ಬೆಲೆ 10 ಲಕ್ಷ ರೂಪಾಯಿ ಇರುವ ಎರಡು ಕಾರುಗಳಿವೆ ಎಂದಿಟ್ಟುಕೊಂಡರೆ, ನಾಲ್ಕು ಮೀಟರ್ ಮೀರಿದ ಕಾರಣಕ್ಕಾಗಿಯೇ ಒಂದರ ಬೆಲೆ 2.2 ಲಕ್ಷ ರೂಪಾಯಿ ಹೆಚ್ಚುತ್ತದೆ. ಒಂದು ಲೀಟರ್ ಸಾಮರ್ಥ್ಯದ ಚಿಕ್ಕ ಎಂಜಿನ್ ಇದ್ದರೂ ಉದ್ದದ ಕಾರಣದಿಂದ ಸ್ಲಾವಿಯಾ ಮತ್ತು ವರ್ಟಸ್ ಶೇ 40ರ ಸಾಲಿನಲ್ಲಿಯೇ ನಿಲ್ಲುತ್ತವೆ.

ಹೆಚ್ಚುವರಿ ಉದ್ದ ಹೋಗುವುದೆಲ್ಲಿಗೆ?

ಕಾರಿನ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುಮಧ್ಯದ ಅಂತರಕ್ಕೆ ವೀಲ್‌ಬೇಸ್ ಎನ್ನುತ್ತಾರೆ. ಪ್ರಯಾಣಿಕರು ಕುಳಿತುಕೊಳ್ಳುವುದು ಹೆಚ್ಚುಕಡಿಮೆ ಈ ಅಂತರದೊಳಗೆ. ಉಳಿದ ಉದ್ದವು ಬಾನೆಟ್‌ನ ಮುಂಭಾಗಕ್ಕೂ ಡಿಕ್ಕಿಗೂ ಹಂಚಿಹೋಗುತ್ತದೆ. ಆದ್ದರಿಂದ ಒಟ್ಟು ಉದ್ದಕ್ಕಿಂತ ವೀಲ್‌ಬೇಸ್ ಮುಖ್ಯ.

ಮೂರು ಕಾರುಗಳನ್ನು ಹೋಲಿಸಿದರೆ ವಿಷಯ ಸ್ಪಷ್ಟವಾಗುತ್ತದೆ. 2024ರಲ್ಲಿ ಬಂದ ಡಿಸೈರ್‌ನ ಉದ್ದ 3,995 ಮಿ.ಮೀ., ವೀಲ್‌ಬೇಸ್ 2,450 ಮಿ.ಮೀ. 2023ರಲ್ಲಿ ಬಂದ ವೆರ್ನಾದ ಉದ್ದ 4,535 ಮಿ.ಮೀ., ವೀಲ್‌ಬೇಸ್ 2,670 ಮಿ.ಮೀ. 2024ರ ಕ್ಯಾಮ್ರಿಯ ಉದ್ದ 4,920 ಮಿ.ಮೀ., ವೀಲ್‌ಬೇಸ್ 2,825 ಮಿ.ಮೀ.

ಡಿಸೈರ್‌ಗಿಂತ ವೆರ್ನಾ 540 ಮಿ.ಮೀ. ಉದ್ದ. ಆದರೆ ಇದರಲ್ಲಿ ಚಕ್ರಗಳ ನಡುವೆ ಸೇರಿರುವುದು 220 ಮಿ.ಮೀ. ಮಾತ್ರ, ಉಳಿದ 320 ಮಿ.ಮೀ. ಚಕ್ರಗಳ ಆಚೆಗಿದೆ. ಕ್ಯಾಮ್ರಿ ಡಿಸೈರ್‌ಗಿಂತ 925 ಮಿ.ಮೀ. ಉದ್ದ. ಅಲ್ಲಿಯೂ ಚಕ್ರಗಳ ನಡುವೆ ಬಂದದ್ದು 375 ಮಿ.ಮೀ.; ಆಚೆಗೆ ಹೋದದ್ದು 550 ಮಿ.ಮೀ. ಅಂದರೆ ದೊಡ್ಡ ಕಾರಿಗೆ ತೆತ್ತ ಹೆಚ್ಚುವರಿ ಉದ್ದದ ಅರ್ಧಕ್ಕಿಂತ ಹೆಚ್ಚು ಭಾಗ ಕಾಲಿಗೆ ದಕ್ಕುವುದಿಲ್ಲ. ಎಂಜಿನ್, ಡಿಕ್ಕಿ ಮತ್ತು ಅಪಘಾತದ ಹೊಡೆತ ತಾಳುವ ಭಾಗಗಳಿಗೆ ಹೋಗುತ್ತದೆ. ಅದು ವ್ಯರ್ಥವೆಂದಲ್ಲ, ಆದರೆ ಆಸನದಲ್ಲಿ ಕುಳಿತವರಿಗೆ ನೇರವಾಗಿ ತಿಳಿಯುವಂಥದ್ದಲ್ಲ.

ಕಾಲಿನ ಜಾಗ: ಅಂಕಿಯೇ ಬೇರೆ, ಅನುಭವವೇ ಬೇರೆ

ಕಂಪನಿಗಳ ಕೈಪಿಡಿಯಲ್ಲಿರುವ ಕಾಲಿನ ಜಾಗದ ಅಂಕಿಯನ್ನು ಅಳೆಯಲು ಅಂತರರಾಷ್ಟ್ರೀಯವಾಗಿ ಒಪ್ಪಿತವಾದ ಕ್ರಮವಿದೆ. ಮನುಷ್ಯನ ಆಕಾರದ, ತೂಕವಿರುವ ಒಂದು ಸಾಧನವನ್ನು ಆಸನದ ಮೇಲೆ ಕೂರಿಸಿ, ಸೊಂಟದ ಕೀಲು ಎಲ್ಲಿ ನಿಲ್ಲುತ್ತದೆ ಎಂಬುದನ್ನು ಮೊದಲು ಗುರುತಿಸಲಾಗುತ್ತದೆ. ಪಾದದ ಕೀಲಿನಿಂದ ಈ ಬಿಂದುವಿನವರೆಗಿನ ಅಂತರಕ್ಕೆ 254 ಮಿ.ಮೀ. ಕೂಡಿಸಿದರೆ ಕಾಲಿನ ಜಾಗದ ಅಂಕಿ ದೊರೆಯುತ್ತದೆ. ತಲೆಯ ಜಾಗವನ್ನೂ ಇದೇ ಬಿಂದುವಿನಿಂದ, ತುಸು ಹಿಂದಕ್ಕೆ ವಾಲಿದ ರೇಖೆಯ ಗುಂಟ ಚಾವಣಿಯವರೆಗೆ ಅಳೆದು ಅದಕ್ಕೆ 102 ಮಿ.ಮೀ. ಸೇರಿಸುತ್ತಾರೆ.

ಕ್ರಮ ಶಿಸ್ತಿನದೇ ಆದರೂ ಗ್ರಾಹಕರು ಒಂದೆರಡು ವಿಷಯಗಳನ್ನು ಗಮನದಲ್ಲಿಡಬೇಕು. ಪಾದವನ್ನು ಮುಂಬದಿ ಆಸನದ ಕೆಳಗೆ ಚಾಚಲು ಅವಕಾಶವಿದ್ದರೆ ಈ ಅಂಕಿ ಹೆಚ್ಚುತ್ತದೆ. ಆದರೆ ಮೊಣಕಾಲಿನ ಮುಂದಿರುವ ಜಾಗ ಹೆಚ್ಚಿರಬೇಕೆಂದೇನೂ ಇಲ್ಲ. ಅಲ್ಲದೆ ಮುಂಬದಿ ಆಸನವನ್ನು ಎಲ್ಲಿ ನಿಲ್ಲಿಸಿ ಅಳೆದಿದ್ದಾರೆ ಎಂಬುದರ ಮೇಲೆ ಹಿಂಬದಿಯ ಅಂಕಿ ನಿಂತಿರುತ್ತದೆ. ಒಂದು ಕಂಪನಿಯ ಅಂಕಿಯನ್ನು ಇನ್ನೊಂದರ ಅಂಕಿಯೊಡನೆ ಇಟ್ಟು ಒಂದು ಸೆಂಟಿಮೀಟರಿನ ವ್ಯತ್ಯಾಸಕ್ಕೆ ವಾದಿಸುವುದರಲ್ಲಿ ಅರ್ಥವಿಲ್ಲ.

ಚಿಕ್ಕ ಸೆಡಾನ್‌ಗಳ ತಯಾರಕರು ಇರುವ ಜಾಗದಲ್ಲಿಯೇ ಮೊಣಕಾಲಿಗೆ ಅವಕಾಶ ಮಾಡಿಕೊಡಲು ಕೆಲವು ಉಪಾಯಗಳನ್ನು ಬಳಸುತ್ತಾರೆ. ಮುಂಬದಿ ಆಸನದ ಬೆನ್ನನ್ನು ತೆಳ್ಳಗೆ ಮಾಡುವುದು, ಅದರ ಹಿಂಬದಿಯಲ್ಲಿ ಮೊಣಕಾಲು ಕೂರುವಂತೆ ತಗ್ಗು ಕೊರೆಯುವುದು, ಆಸನವನ್ನು ನೆಟ್ಟಗೆ ಎತ್ತರದಲ್ಲಿ ಕೂರಿಸುವುದು ಇವುಗಳಲ್ಲಿ ಕೆಲವು. ಇವು ಒಳ್ಳೆಯ ಉಪಾಯಗಳೇ. ಕುರ್ಚಿಯ ಮೇಲೆ ಕುಳಿತಂತೆ ಕಾಲನ್ನು ಕೆಳಕ್ಕೆ ಇಳಿಬಿಟ್ಟರೆ ಮುಂದಕ್ಕೆ ಬೇಕಾಗುವ ಜಾಗ ಕಡಿಮೆಯಾಗುತ್ತದೆ. ಆದರೆ ಇನ್ನೊಂದು ಉಪಾಯವೂ ಉಂಟು. ಹಿಂಬದಿ ಆಸನದ ಕೂರುವ ಭಾಗವನ್ನೇ ಗಿಡ್ಡ ಮಾಡಿದರೆ ಆಸನದ ಅಂಚಿನಿಂದ ಮುಂದಿನ ಆಸನದವರೆಗೆ ಕಣ್ಣಿಗೆ ಕಾಣುವ ಖಾಲಿ ಜಾಗ ಹೆಚ್ಚುತ್ತದೆ. ಷೋರೂಮಿನಲ್ಲಿ ಬಾಗಿಲು ತೆರೆದು ನೋಡುವವರಿಗೆ ಇದು ವಿಶಾಲವಾಗಿ ತೋರುತ್ತದೆ. ಅದರ ಬೆಲೆ ತೆರುವುದು ತೊಡೆ.

ತೊಡೆಗೆ ಆಸರೆ, ಬೆನ್ನಿಗೆ ಒರಗು

ಕುಳಿತವರ ಭಾರವು ಕುಳಿ, ತೊಡೆ ಮತ್ತು ಬೆನ್ನಿನ ಮೇಲೆ ಸಮನಾಗಿ ಹಂಚಿಕೆಯಾಗಬೇಕು. ಕೂರುವ ಭಾಗ ಗಿಡ್ಡವಾಗಿದ್ದರೆ ಅಥವಾ ನೆಲಕ್ಕೆ ತೀರ ಹತ್ತಿರವಿದ್ದರೆ ಮೊಣಕಾಲು ಮೇಲಕ್ಕೇಳುತ್ತದೆ, ತೊಡೆ ಆಸನವನ್ನು ಬಿಟ್ಟು ಗಾಳಿಯಲ್ಲಿ ನಿಲ್ಲುತ್ತದೆ. ಆಗ ಇಡೀ ಭಾರ ಕುಂಡೆಯ ಮೂಳೆಗಳ ಮೇಲೆ ಬೀಳುತ್ತದೆ. ಹತ್ತು ಕಿಲೊಮೀಟರ್ ಓಡಾಟದಲ್ಲಿ ಇದು ತಿಳಿಯದು. ಬೆಂಗಳೂರಿನಿಂದ ಹೊರಟು ಹಾಸನ ತಲುಪುವಷ್ಟರಲ್ಲಿ ಕಾಲು ಜೋಮು ಹಿಡಿಯತೊಡಗುತ್ತದೆ. ಮಂಗಳೂರಿನವರೆಗೆ ಹೋಗುವವರು ಶಿರಾಡಿ ಘಾಟಿ ಇಳಿಯುವ ಹೊತ್ತಿಗೆ ಆಸನದಲ್ಲಿ ಹೊರಳಾಡಬೇಕಾಗುತ್ತದೆ.

ಕೂರುವ ಭಾಗ ತೀರ ಉದ್ದವಾಗಿದ್ದರೂ ತೊಂದರೆಯೇ. ಗಿಡ್ಡ ಕಾಲಿನವರಿಗೆ ಆಸನದ ಅಂಚು ಮೊಣಕಾಲಿನ ಹಿಂಭಾಗವನ್ನು ಒತ್ತುತ್ತದೆ. ಅದನ್ನು ತಪ್ಪಿಸಲು ಅವರು ಮುಂದಕ್ಕೆ ಜರುಗಿ ಕೂರುತ್ತಾರೆ, ಬೆನ್ನಿಗೆ ಒರಗು ತಪ್ಪುತ್ತದೆ. ಬೆನ್ನು ಪೂರ್ತಿ ಒರಗಿದಾಗ ಆಸನದ ಅಂಚಿಗೂ ಮೊಣಕಾಲಿನ ಹಿಂಭಾಗಕ್ಕೂ ಎರಡು-ಮೂರು ಬೆರಳಿನಷ್ಟು ಸಂದು ಉಳಿದರೆ ಅಳತೆ ಸರಿಯಾಗಿದೆ ಎನ್ನಬಹುದು.

ಈ ವಿಷಯದಲ್ಲಿ ದೊಡ್ಡ ಸೆಡಾನ್‌ಗಳಿಗೆ ಸಹಜ ಅನುಕೂಲವಿದೆ. ಉದ್ದದ ವೀಲ್‌ಬೇಸ್ ಇರುವುದರಿಂದ ಕೂರುವ ಭಾಗವನ್ನು ಗಿಡ್ಡ ಮಾಡುವ ಒತ್ತಡ ತಯಾರಕರಿಗೆ ಇಲ್ಲ. ಬೆನ್ನಿನ ಭಾಗವನ್ನು ಹೆಚ್ಚು ವಾಲಿಸಲೂ ಅವಕಾಶವಿದೆ. ಭಾರತದಲ್ಲಿ ಮಾರಾಟವಾಗುವ ಕ್ಯಾಮ್ರಿಯಲ್ಲಿ ಹಿಂಬದಿ ಆಸನದ ಬೆನ್ನನ್ನು ಗುಂಡಿಯೊತ್ತಿ ವಾಲಿಸಿಕೊಳ್ಳುವ ಸೌಲಭ್ಯವೂ ಇದೆ. ನಾಲ್ಕು ಮೀಟರ್‌ನೊಳಗಿನ ಸೆಡಾನ್‌ಗಳಲ್ಲಿ ಬೆನ್ನಿನ ಭಾಗ ತುಸು ನೆಟ್ಟಗೆ ಇರುವುದು ವಾಡಿಕೆ, ಏಕೆಂದರೆ ಅದನ್ನು ವಾಲಿಸಿದಷ್ಟೂ ಡಿಕ್ಕಿ ಕಿರಿದಾಗುತ್ತದೆ.

ಮೆತ್ತನೆಯ ಆಸನವೆಲ್ಲ ಹಿತವಲ್ಲ ಎಂಬುದನ್ನೂ ನೆನಪಿಡಬೇಕು. ಮೆದು ಫೋಮ್‌ನಲ್ಲಿ ಕುಳಿತ ಕೂಡಲೇ ಹಿತವೆನಿಸುತ್ತದೆ. ಆದರೆ ಒಂದು ಗಂಟೆ ಕಳೆಯುವಷ್ಟರಲ್ಲಿ ದೇಹ ಅದರೊಳಗೆ ಹುದುಗಿ, ಸೊಂಟದ ಬಾಗಿಗೆ ಆಸರೆ ಇಲ್ಲದಂತಾಗುತ್ತದೆ. ತುಸು ಗಟ್ಟಿಯೆನಿಸುವ ಆಸನ ಷೋರೂಮಿನಲ್ಲಿ ಅಂಕ ಕಳೆದುಕೊಂಡು ಹೆದ್ದಾರಿಯಲ್ಲಿ ಗಳಿಸುತ್ತದೆ.

ಎತ್ತರ ಮತ್ತು ಹತ್ತಿ ಇಳಿಯುವ ಕಷ್ಟ

ತಲೆಯ ಮೇಲಿನ ಜಾಗದಲ್ಲಿ ದೊಡ್ಡ ಸೆಡಾನ್‌ಗೆ ಸಹಜ ಮೇಲುಗೈ ಇದೆ ಎಂದು ಭಾವಿಸಬೇಕಿಲ್ಲ. ಡಿಸೈರ್‌ನ ಎತ್ತರ 1,525 ಮಿ.ಮೀ., ಹೊಂಡಾ ಸಿಟಿಯದು 1,489 ಮಿ.ಮೀ., ವೆರ್ನಾದ್ದು 1,475 ಮಿ.ಮೀ. ಮತ್ತು ಕ್ಯಾಮ್ರಿಯದು 1,455 ಮಿ.ಮೀ. ಗಾತ್ರ ಹೆಚ್ಚಿದಂತೆ ಎತ್ತರ ಇಳಿಯುತ್ತಾ ಹೋಗಿರುವುದನ್ನು ಇಲ್ಲಿ ಕಾಣಬಹುದು. ದೊಡ್ಡ ಸೆಡಾನ್‌ಗಳು ಆಸನವನ್ನು ತಗ್ಗಿಸಿ ಇದನ್ನು ಸರಿದೂಗಿಸುತ್ತವೆ. ಉದ್ದಕ್ಕೆ ಜಾಗವಿರುವುದರಿಂದ ಕಾಲು ಚಾಚಿ ಕೂರಬಹುದು. ಹಿಂಭಾಗದ ಗಾಜು ಇಳಿಜಾರಾಗಿರುವ ಕಾರುಗಳಲ್ಲಿ ಎತ್ತರದವರ ತಲೆ ಚಾವಣಿಗೆ ತಾಗುವುದೂ ಉಂಟು.

ತಗ್ಗಿದ ಆಸನ ಪ್ರಾಯದವರಿಗೆ ಸಮಸ್ಯೆಯಲ್ಲ. ಮೊಣಕಾಲಿನ ಸವೆತ ಇರುವ ಹಿರಿಯರಿಗೆ ಕಾರಿನಲ್ಲಿ ಕೂರುವುದಕ್ಕಿಂತ ಕಾರಿನಿಂದ ಏಳುವುದೇ ಕಷ್ಟ. ಆಸನದ ಮಟ್ಟ ಸೊಂಟದ ಮಟ್ಟಕ್ಕೆ ಸಮೀಪವಿದ್ದರೆ ಪಕ್ಕಕ್ಕೆ ಜರುಗಿ ಇಳಿಯಬಹುದು. ತೀರ ತಗ್ಗಿದ್ದರೆ ಇಡೀ ಮೈಭಾರವನ್ನು ಮೊಣಕಾಲಿನ ಮೇಲೆ ಹೊತ್ತು ಏಳಬೇಕು. ಈ ಒಂದು ಅಂಶದಲ್ಲಿ ಹ್ಯಾಚ್‌ಬ್ಯಾಕ್‌ನ ಅಡಿಪಾಯದ ಮೇಲೆ ರೂಪುಗೊಂಡ ಚಿಕ್ಕ ಸೆಡಾನ್, ಅದಕ್ಕಿಂತ ಹಲವು ಪಟ್ಟು ಬೆಲೆಯ ದೊಡ್ಡ ಸೆಡಾನ್‌ಗಿಂತ ಅನುಕೂಲಕರವಾಗಿ ಇರಬಲ್ಲದು. ಬಾಗಿಲು ಎಷ್ಟು ಅಗಲಕ್ಕೆ ತೆರೆಯುತ್ತದೆ, ಹೊಸ್ತಿಲು ಎಷ್ಟು ದಪ್ಪವಿದೆ, ಹಿಂದಿನ ಚಕ್ರದ ಕಮಾನು ಬಾಗಿಲಿನ ದಾರಿಗೆ ಎಷ್ಟು ಅಡ್ಡ ಬರುತ್ತದೆ ಎಂಬುದನ್ನೂ ನೋಡಬೇಕು.

ಅಗಲ: ಮೂರನೆಯವರ ಪಾಡು

ಚಿಕ್ಕ ಮತ್ತು ದೊಡ್ಡ ಸೆಡಾನ್‌ಗಳ ನಡುವಣ ನಿಜವಾದ ವ್ಯತ್ಯಾಸ ತಿಳಿಯುವುದು ಹಿಂಬದಿಯಲ್ಲಿ ಮೂವರು ಕುಳಿತಾಗ. ವಯಸ್ಕರೊಬ್ಬರ ಭುಜದ ಅಗಲವನ್ನು ಸುಮಾರು 45 ಸೆಂ.ಮೀ. ಎಂದಿಟ್ಟುಕೊಂಡರೆ ಮೂವರಿಗೆ 135 ಸೆಂ.ಮೀ. ಬೇಕು. ಹೊರಗಿನ ಅಗಲ ಹೆಚ್ಚಿದ್ದರೂ ಬಾಗಿಲಿನ ದಪ್ಪ ಎರಡೂ ಬದಿಯಲ್ಲಿ ಜಾಗವನ್ನು ನುಂಗುತ್ತದೆ.

ಔರಾದ ಅಗಲ 1,680 ಮಿ.ಮೀ., ಟಿಗೋರ್‌ನದು 1,677 ಮಿ.ಮೀ., 2024ರ ಅಮೇಜ್‌ನದು 1,733 ಮಿ.ಮೀ., ಡಿಸೈರ್‌ನದು 1,735 ಮಿ.ಮೀ. ಮಧ್ಯಮ ಗಾತ್ರದ ಸಿಟಿಯ ಅಗಲ 1,748 ಮಿ.ಮೀ., ವೆರ್ನಾದ್ದು 1,765 ಮಿ.ಮೀ. ಉದ್ದಕ್ಕೆ ಮಿತಿ ಹಾಕಿದ ತೆರಿಗೆ ನಿಯಮ ಅಗಲಕ್ಕೆ ಮಿತಿ ಹಾಕಿಲ್ಲ. ಆದ್ದರಿಂದಲೇ ಹೊಸ ಪೀಳಿಗೆಯ ಚಿಕ್ಕ ಸೆಡಾನ್‌ಗಳು ಅಗಲದಲ್ಲಿ ಮಧ್ಯಮ ಗಾತ್ರದವುಗಳಿಗೆ ಸಮೀಪ ಬಂದಿವೆ. ಅಮೇಜ್ ಎರಡನೇ ಪೀಳಿಗೆಯಿಂದ ಮೂರನೆಯದಕ್ಕೆ ಬರುವಾಗ ಉದ್ದ ಬೆಳೆಸಲಿಲ್ಲ, ಅಗಲವನ್ನು 38 ಮಿ.ಮೀ. ಹೆಚ್ಚಿಸಿಕೊಂಡಿತು. ಕ್ಯಾಮ್ರಿಯ ಅಗಲವಾದರೋ 1,840 ಮಿ.ಮೀ. ಡಿಸೈರ್‌ಗಿಂತ ಹತ್ತು ಸೆಂ.ಮೀ. ಹೆಚ್ಚಿರುವ ಈ ಅಗಲವೇ ಮೂರನೆಯವರಿಗೆ ಭುಜ ಕುಗ್ಗಿಸದೆ ಕೂರಲು ಅವಕಾಶ ಕೊಡುತ್ತದೆ.

ಮಧ್ಯದಲ್ಲಿ ಕೂರುವವರ ಕಷ್ಟ ಅಗಲಕ್ಕೆ ಮಾತ್ರ ಸೀಮಿತವಲ್ಲ. ಮಡಚುವ ಕೈಯಾಸರೆ ಇರುವ ಕಡೆ ಬೆನ್ನಿನ ಭಾಗ ಗಟ್ಟಿಯಾಗಿಯೂ ಉಬ್ಬಿಯೂ ಇರುತ್ತದೆ. ನೆಲದ ನಡುವೆ ಹಾದುಹೋಗುವ ದಿಬ್ಬ ಪಾದಗಳನ್ನು ಎರಡು ಬದಿಗೆ ತಳ್ಳುತ್ತದೆ. ಮುಂದಿನ ಚಕ್ರಗಳಿಗೆ ಎಂಜಿನ್ ಶಕ್ತಿ ನೀಡುವ ಕಾರುಗಳಲ್ಲಿ ಈ ದಿಬ್ಬ ತಗ್ಗಾಗಿರುತ್ತದೆ. ಹಿಂದಿನ ಚಕ್ರಗಳಿಗೆ ಶಕ್ತಿ ನೀಡುವ ದುಬಾರಿ ಸೆಡಾನ್‌ಗಳಲ್ಲಿ ಎತ್ತರವಾಗಿರುತ್ತದೆ. ಅರ್ಧ ಕೋಟಿಯ ಕಾರಿನಲ್ಲಿಯೂ ಹಿಂಬದಿಯ ನಡುವಿನ ಆಸನ ಹೆಸರಿಗೆ ಮಾತ್ರ ಇರುವುದಕ್ಕೆ ಇದೇ ಕಾರಣ.

ಕುಲುಕಾಟದ ಲೆಕ್ಕ

ಆಸನದ ಹಿತದಲ್ಲಿ ರಸ್ತೆಯ ಪಾಲೂ ಇದೆ. ಕುಳಿತ ಮನುಷ್ಯನ ದೇಹ ಸೆಕೆಂಡಿಗೆ 4ರಿಂದ 8 ಬಾರಿಯ ಲಂಬ ಕಂಪನಕ್ಕೆ ಹೆಚ್ಚು ಸ್ಪಂದಿಸುತ್ತದೆ ಎಂಬುದು ಸ್ಥಾಪಿತ ವಿಷಯ. ದೇಹದ ಕಂಪನವನ್ನು ಅಳೆಯುವ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 2631 ಈ ವ್ಯಾಪ್ತಿಗೆ ಹೆಚ್ಚಿನ ತೂಕ ನೀಡಿದೆ. ಫೋಮ್ ತುಂಬಿದ ಆಸನವು ಸೆಕೆಂಡಿಗೆ ಸುಮಾರು 4 ಬಾರಿಯ ಕಂಪನವನ್ನು ತಗ್ಗಿಸುವ ಬದಲು ಹೆಚ್ಚಿಸುವುದೂ ಉಂಟು. ಕಾರಿನ ಸಸ್ಪೆನ್ಷನ್, ಟೈರು ಮತ್ತು ಆಸನ ಮೂರೂ ಹೊಂದಿಕೊಂಡಾಗ ಮಾತ್ರ ಪ್ರಯಾಣ ಹಿತವಾಗುತ್ತದೆ.

ವೀಲ್‌ಬೇಸ್ ಕಡಿಮೆ ಇರುವ ಕಾರು ರಸ್ತೆಯ ಉಬ್ಬು ದಾಟುವಾಗ ಮುಂದಕ್ಕೂ ಹಿಂದಕ್ಕೂ ಹೆಚ್ಚು ತೂಗುತ್ತದೆ. ಅದರಲ್ಲಿ ಹಿಂಬದಿಯವರು ಹಿಂದಿನ ಚಕ್ರಗಳಿಗೆ ಹತ್ತಿರ ಕುಳಿತಿರುವುದರಿಂದ ಹೊಡೆತ ನೇರವಾಗಿ ತಲುಪುತ್ತದೆ. ಡಿಸೈರ್‌ನಿಂದ ಹಿಡಿದು ಸಿಟಿ, ವೆರ್ನಾ, ವರ್ಟಸ್‌ವರೆಗೆ ಹಿಂದಿನ ಎರಡು ಚಕ್ರಗಳನ್ನು ಒಂದೇ ತೊಲೆ ಜೋಡಿಸಿದ ಸರಳ ಸಸ್ಪೆನ್ಷನ್ ಇದೆ. ಕ್ಯಾಮ್ರಿಯಲ್ಲಿ ಪ್ರತಿ ಚಕ್ರವೂ ಸ್ವತಂತ್ರವಾಗಿ ಚಲಿಸುವ ವ್ಯವಸ್ಥೆಯಿದೆ. ಒಂದು ಚಕ್ರ ಗುಂಡಿಗೆ ಇಳಿದಾಗ ಇನ್ನೊಂದರ ಕಡೆಯವರಿಗೆ ಅದು ಅಷ್ಟಾಗಿ ತಟ್ಟುವುದಿಲ್ಲ. ಆದರೆ ಉದ್ದದ ವೀಲ್‌ಬೇಸ್ ಮತ್ತು ತಗ್ಗಿದ ಮೈ ಇರುವ ಕಾರು ನಮ್ಮ ಬಡಾವಣೆಗಳ ಚೂಪು ಉಬ್ಬುಗಳಲ್ಲಿ ಹೊಟ್ಟೆ ಉಜ್ಜಿಕೊಳ್ಳುವ ಅಪಾಯವೂ ಇದೆ.

ಚಾಲಕನ ಆಸನ

ದಿನಕ್ಕೆ ಹತ್ತು-ಹನ್ನೆರಡು ಗಂಟೆ ಟ್ಯಾಕ್ಸಿ ಓಡಿಸುವವರಿಗೆ ಆಸನ ಎಂದರೆ ಕೆಲಸದ ಜಾಗ. ಚಿಕ್ಕ ಸೆಡಾನ್‌ಗಳ ಕಡಿಮೆ ಬೆಲೆಯ ಮಾದರಿಗಳಲ್ಲಿ ಆಸನದ ಎತ್ತರ ಹೊಂದಿಸುವ ಸೌಲಭ್ಯ ಇಲ್ಲದಿರುವುದುಂಟು. ಸ್ಟಿಯರಿಂಗ್ ಚಕ್ರವನ್ನು ಮೇಲೆ ಕೆಳಗೆ ಸರಿಸಬಹುದಾದರೂ ಹತ್ತಿರಕ್ಕೆ ಎಳೆದುಕೊಳ್ಳಲು ಬಾರದು. ಪರಿಣಾಮವಾಗಿ ಕಾಲಿಗೆ ಸರಿಯಾದ ದೂರದಲ್ಲಿ ಕುಳಿತರೆ ಕೈ ಪೂರ್ತಿ ಚಾಚಬೇಕು. ಕೈಗೆ ಸರಿಯಾದರೆ ಮೊಣಕಾಲು ಮಡಚಿಕೊಳ್ಳಬೇಕು. ಎಡಗಾಲು ಇಡಲು ಪ್ರತ್ಯೇಕ ಜಾಗ, ಸೊಂಟಕ್ಕೆ ಉಬ್ಬಿದ ಆಸರೆ ಇವು ಮಧ್ಯಮ ಮತ್ತು ದೊಡ್ಡ ಸೆಡಾನ್‌ಗಳ ಮೇಲ್ದರ್ಜೆಯ ಮಾದರಿಗಳಲ್ಲಿ ಹೆಚ್ಚು ಸಾಮಾನ್ಯ. ಇಂಥ ಕಡೆ ಮುಖ್ಯವಾಗುವುದು ಕಾರಿನ ಗಾತ್ರವಲ್ಲ, ಆಯ್ದ ಮಾದರಿಯ ದರ್ಜೆ.

ಡಿಕ್ಕಿ: ಲೀಟರಿನ ಲೆಕ್ಕ

ಡಿಸೈರ್‌ನ ಇತಿಹಾಸವೇ ನಾಲ್ಕು ಮೀಟರ್ ನಿಯಮದ ಪರಿಣಾಮವನ್ನು ಹೇಳುತ್ತದೆ. 2008ರ ಮಾದರಿಯ ಡಿಕ್ಕಿ 440 ಲೀಟರ್. ಉದ್ದ ಮೊಟಕಾದ 2012ರಲ್ಲಿ ಅದು 316 ಲೀಟರ್‌ಗೆ ಕುಸಿಯಿತು. 2017ರಲ್ಲಿ 378, 2024ರಲ್ಲಿ 382 ಲೀಟರ್‌ಗೆ ಚೇತರಿಸಿಕೊಂಡಿತು. ಈ ಅವಧಿಯಲ್ಲಿ ವೀಲ್‌ಬೇಸ್ 2,390ರಿಂದ 2,450 ಮಿ.ಮೀ.ಗೆ ಏರಿತು. ಅಂದರೆ ಡಿಕ್ಕಿಯಿಂದ ಕಿತ್ತ ಜಾಗದ ಒಂದು ಪಾಲು ಪ್ರಯಾಣಿಕರ ಕಾಲಿಗೆ ಸಂದಿದೆ. ಔರಾದಲ್ಲಿ 402, ಅಮೇಜ್‌ನಲ್ಲಿ 416, ಟಿಗೋರ್‌ನಲ್ಲಿ 419 ಲೀಟರ್ ಇದ್ದರೆ, ಸಿಟಿಯಲ್ಲಿ 506, ಸ್ಲಾವಿಯಾ ಮತ್ತು ವರ್ಟಸ್‌ನಲ್ಲಿ 521, ವೆರ್ನಾದಲ್ಲಿ 528 ಲೀಟರ್ ಇದೆ.

ಸಿಎನ್‌ಜಿ ಮಾದರಿ ಕೊಳ್ಳುವವರು ಈ ಅಂಕಿಗಳನ್ನು ಮರೆಯುವುದೇ ಒಳಿತು. ಡಿಕ್ಕಿಯಲ್ಲಿ ಸಿಲಿಂಡರ್ ಕುಳಿತ ಮೇಲೆ ದೊಡ್ಡ ಸೂಟ್‌ಕೇಸ್‌ಗೆ ಜಾಗ ಉಳಿಯುವುದು ಕಷ್ಟ. ಆಗ ಸಾಮಾನು ಹಿಂಬದಿ ಆಸನಕ್ಕೆ, ಕಾಲ ಬಳಿಗೆ ಬರುತ್ತದೆ; ಕೈಪಿಡಿಯಲ್ಲಿ ಓದಿದ ಕಾಲಿನ ಜಾಗ ಅಲ್ಲಿಗೆ ಮುಗಿಯಿತು.

ಬಿಡದಿಯ ಉದಾಹರಣೆ

ಗಾತ್ರಕ್ಕಿಂತ ವಿನ್ಯಾಸ ಮುಖ್ಯ ಎಂಬುದಕ್ಕೆ ಉತ್ತಮ ನಿದರ್ಶನ ಕರ್ನಾಟಕದಲ್ಲಿಯೇ ತಯಾರಾಗಿತ್ತು. ಬೆಂಗಳೂರು ಸಮೀಪದ ಬಿಡದಿಯ ಕಾರ್ಖಾನೆಯಿಂದ ಟೊಯೊಟಾ ಸಂಸ್ಥೆಯು 2010ರ ಡಿಸೆಂಬರ್‌ನಲ್ಲಿ ಎಟಿಯೋಸ್ ಸೆಡಾನ್ ಬಿಡುಗಡೆ ಮಾಡಿತು. 4,265 ಮಿ.ಮೀ. ಉದ್ದದ ಈ ಕಾರು ಸಣ್ಣ ಕಾರಿನ ತೆರಿಗೆ ರಿಯಾಯಿತಿಗೆ ಒಳಪಡಲಿಲ್ಲ. ಆದರೆ 2,550 ಮಿ.ಮೀ. ವೀಲ್‌ಬೇಸ್, ಹಿಂಬದಿಯಲ್ಲಿ ಹೆಚ್ಚುಕಡಿಮೆ ಸಮತಟ್ಟಾದ ನೆಲ ಮತ್ತು 590 ಲೀಟರ್ ಮೀರಿದ ಡಿಕ್ಕಿ ಅದರಲ್ಲಿದ್ದವು. ಒಳಗಿನ ಸಾಮಗ್ರಿ ಸಾಧಾರಣ, ನೋಟ ಸಪ್ಪೆ ಎಂಬ ಟೀಕೆ ಬಂದರೂ ಟ್ಯಾಕ್ಸಿ ಮಾಲೀಕರು ಅದನ್ನು ಅಪ್ಪಿಕೊಂಡರು. ವಿಮಾನ ನಿಲ್ದಾಣಕ್ಕೆ ಸಾಮಾನು ಸಮೇತ ಹೊರಟ ಕುಟುಂಬಕ್ಕೆ ಬೇಕಾದದ್ದು ಜಾಗ, ಹೊಳಪಲ್ಲ. 2020ರಲ್ಲಿ ಎಟಿಯೋಸ್ ತಯಾರಿಕೆ ನಿಂತಿತು. ನಾಲ್ಕು ಮೀಟರ್‌ಗಿಂತ ಕೇವಲ 265 ಮಿ.ಮೀ. ಹೆಚ್ಚು ಉದ್ದ ಸಿಕ್ಕರೆ ಏನೆಲ್ಲ ಸಾಧ್ಯ ಎಂಬುದನ್ನು ಅದು ತೋರಿಸಿಕೊಟ್ಟಿತ್ತು.

ಕೊಳ್ಳುವ ಮುನ್ನ ಮಾಡಬೇಕಾದ ಪರೀಕ್ಷೆ

* ಮನೆಯಲ್ಲಿ ಕಾರು ಓಡಿಸುವವರು ಮೊದಲು ಚಾಲಕನ ಆಸನವನ್ನು ತಮಗೆ ಹೊಂದುವಂತೆ ಸರಿಸಿ, ನಂತರ ಅದರ ಹಿಂದೆ ತಾವೇ ಕುಳಿತು ನೋಡಬೇಕು. ಮಾರಾಟ ಪ್ರತಿನಿಧಿ ಮೊದಲೇ ಮುಂಬದಿ ಆಸನವನ್ನು ಮುಂದಕ್ಕೆ ಸರಿಸಿಟ್ಟಿದ್ದರೆ ಹಿಂಬದಿ ಯಾವಾಗಲೂ ವಿಶಾಲವಾಗಿಯೇ ಕಾಣುತ್ತದೆ.

* ಮನೆಯ ಹಿರಿಯರನ್ನು ಷೋರೂಮಿಗೆ ಕರೆದೊಯ್ದು ಅವರಿಂದಲೇ ಹತ್ತಿ ಇಳಿಯುವ ಪರೀಕ್ಷೆ ಮಾಡಿಸಬೇಕು. ಒಂದು ಬಾರಿಯಲ್ಲ, ಮೂರು-ನಾಲ್ಕು ಬಾರಿ.

* ಹಿಂಬದಿಯಲ್ಲಿ ಕನಿಷ್ಠ ಇಪ್ಪತ್ತು ನಿಮಿಷ ಕೂರಬೇಕು. ಬೆನ್ನು ಒರಗಿಸಿ, ಪಾದವನ್ನು ನೆಲಕ್ಕೆ ಊರಿದಾಗ ತೊಡೆಯ ಕೆಳಗೆ ಅಂಗೈ ಸಲೀಸಾಗಿ ಹೋಗುವಂತಿದ್ದರೆ ಆಸರೆ ಸಾಲದು ಎಂದರ್ಥ.

* ಮೂವರು ಕೂರುವ ಅಗತ್ಯವಿದ್ದರೆ ಮೂವರೂ ಒಟ್ಟಿಗೆ ಕುಳಿತು, ಮೂವರೂ ಸೀಟ್ ಬೆಲ್ಟ್ ಹಾಕಿಕೊಂಡು ನೋಡಬೇಕು. ನಡುವಿನವರಿಗೆ ತಲೆಯಾಸರೆ ಇದೆಯೇ ಎಂಬುದನ್ನು ಗಮನಿಸಬೇಕು.

* ಪರೀಕ್ಷಾರ್ಥ ಓಡಾಟದ ಸ್ವಲ್ಪ ದೂರವನ್ನಾದರೂ ಹಿಂಬದಿಯಲ್ಲಿ ಕುಳಿತು ಕ್ರಮಿಸಬೇಕು. ನುಣುಪಾದ ರಸ್ತೆಗಿಂತ ಉಬ್ಬು, ಗುಂಡಿ ಇರುವ ರಸ್ತೆಯೇ ಪರೀಕ್ಷೆಗೆ ಯೋಗ್ಯ.

* ಮನೆಯ ದೊಡ್ಡ ಸೂಟ್‌ಕೇಸ್ ಅಥವಾ ಹಿರಿಯರ ಗಾಲಿಕುರ್ಚಿಯನ್ನು ಒಯ್ದು ಡಿಕ್ಕಿಯ ಬಾಯಿಯಲ್ಲಿ ಹೋಗುತ್ತದೆಯೇ ಎಂದು ನೋಡಬೇಕು. ಲೀಟರ್ ಹೆಚ್ಚಿದ್ದರೂ ಬಾಯಿ ಕಿರಿದಾದರೆ ಪ್ರಯೋಜನವಿಲ್ಲ.

ಯಾರಿಗೆ ಯಾವುದು?

ನಾಲ್ವರ ಕುಟುಂಬ, ಬಹುಪಾಲು ನಗರದೊಳಗಿನ ಓಡಾಟ, ಹತ್ತಿ ಇಳಿಯಲು ಕಷ್ಟಪಡುವ ಹಿರಿಯರು ಇರುವ ಮನೆಗೆ ಇಂದಿನ ಚಿಕ್ಕ ಸೆಡಾನ್ ಸಾಕಾಗುತ್ತದೆ. ಕಾಲಿಗೂ ತಲೆಗೂ ಅದರಲ್ಲಿ ಜಾಗದ ಕೊರತೆಯಿಲ್ಲ. ತಿಂಗಳಿಗೆರಡು ಬಾರಿ ಮುನ್ನೂರು-ನಾನ್ನೂರು ಕಿ.ಮೀ. ಪಯಣಿಸುವವರು, ಹೆಚ್ಚು ಸಾಮಾನು ಒಯ್ಯುವವರು ಮಧ್ಯಮ ಗಾತ್ರಕ್ಕೆ ತೆರುವ ಹೆಚ್ಚುವರಿ ಹಣ ತೊಡೆಯ ಆಸರೆ, ವಾಲಿದ ಬೆನ್ನು ಮತ್ತು ಡಿಕ್ಕಿಯ ರೂಪದಲ್ಲಿ ಮರಳುತ್ತದೆ. ದೊಡ್ಡ ಸೆಡಾನ್ ತನ್ನ ಬೆಲೆಯನ್ನು ಸಮರ್ಥಿಸಿಕೊಳ್ಳುವುದು ಹಿಂಬದಿಯಲ್ಲಿ ದೀರ್ಘಕಾಲ ಕೂರುವವರಿಗೆ, ಅದರಲ್ಲಿಯೂ ಮೂವರು ಕೂರುವ ಸಂದರ್ಭದಲ್ಲಿ. ಆದರೆ ಅದರ ತಗ್ಗಿದ ಆಸನ ಮೊಣಕಾಲು ನೋವಿನವರಿಗೆ ಹೊಂದುವುದೇ ಎಂಬುದನ್ನು ಕೊಳ್ಳುವ ಮೊದಲೇ ನೋಡಿಕೊಳ್ಳಬೇಕು.

ಕೈಪಿಡಿಯ ಮಿಲಿಮೀಟರುಗಳು ಆಯ್ಕೆಯ ಪಟ್ಟಿಯನ್ನು ಐದರಿಂದ ಎರಡಕ್ಕೆ ಇಳಿಸಲು ನೆರವಾಗುತ್ತವೆ. ಆ ಎರಡರಲ್ಲಿ ಒಂದನ್ನು ಆರಿಸಬೇಕಾದವರು ಆ ಆಸನದಲ್ಲಿ ದಿನವೂ ಕೂರಲಿರುವವರು. ಮುಂಗಡ ಹಣ ಕಟ್ಟುವ ಮೊದಲು ಅವರನ್ನು ಒಮ್ಮೆ ಕೂರಿಸಿ, ಅವರ ಮಾತು ಕೇಳುವುದು ಲೇಸು.